ಎರಡು ಸೀಟಿನ ಕಾರಿಗೆ ಕೆಂಪು ಬಣ್ಣ

ಬ್ರಿಸ್ಬೇನ್ ನಗರದ ನಡುಭಾಗದಿಂದ ಪಶ್ಚಿಮಕ್ಕೆ ನಾಲ್ಕು ಕಿಲೋಮೀಟರ್ ದೂರದಲ್ಲಿ, ನದಿಯ ದಂಡೆಯ ಮೇಲೆ, ಟೂವಾಂಗ್ ಎಂಬ ಬಡಾವಣೆಯಿದೆ. ಈ ನೆಲದ ಮೂಲನಿವಾಸಿಗಳು ಕೋಗಿಲೆಯ ಕೂಗನ್ನು ಅನುಕರಿಸಿ ಇಟ್ಟ ಹೆಸರು ಇದೆಂದು ಇಲ್ಲಿಯ ಹಿರಿಯರು ಹೇಳುತ್ತಾರೆ. ಪ್ರತಿ ವರ್ಷ ಸೆಪ್ಟೆಂಬರಿನ ಹೊತ್ತಿಗೆ ಉತ್ತರದ ದ್ವೀಪಗಳಿಂದ ವಲಸೆ ಬರುವ ಕೋಗಿಲೆ ನಸುಕಿನಲ್ಲಿಯೇ ಕೂಗತೊಡಗುತ್ತದೆ. ಅದರಂತೆಯೇ ವಲಸೆ ಬಂದು, ಅದರಂತೆ ಹಿಂದಿರುಗುವುದನ್ನು ಮರೆತು, ಈ ಊರಿನಲ್ಲಿ ನೆಲೆಯೂರಿದವನು ನಾನು. ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಕನ್ನಡದ ಅಳಿವು ಉಳಿವಿನಂತಹ ಗಹನ ವಿಷಯವನ್ನು ವಿದ್ವಾಂಸರಿಗೆ ಬಿಟ್ಟು, ಒಂದು ಹಳೆಯ ಕಾರಿಗೆ ಬಣ್ಣ ಬಳಿಸಿದ ಕಥೆಯನ್ನು ಬರೆಯಲು ಹೊರಟಿದ್ದೇನೆ. ಸಮ್ಮೇಳನಕ್ಕೆ ಬಂದಿರುವ ಬಂಧುಗಳಲ್ಲಿ ಹಲವರ ಮನೆಯ ಗ್ಯಾರೇಜಿನಲ್ಲಿಯೂ ಇಂತಹದೊಂದು ಕಾರು ಹೊದಿಕೆಯಡಿ ಮಲಗಿರಬಹುದು. ಅಂಥವರಿಗೆ ಇದರಿಂದ ಕೊಂಚ ಪ್ರಯೋಜನವಾದೀತು.

ನಾನು ಇಲ್ಲಿಗೆ ಬಂದದ್ದು 1988ರಲ್ಲಿ, ಎಕ್ಸ್‌ಪೋ 88 ಎಂಬ ವಿಶ್ವ ವಸ್ತುಪ್ರದರ್ಶನ ನಡೆಯುತ್ತಿದ್ದ ವರ್ಷ. ಸೇಂಟ್ ಲೂಸಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞನ ಕೆಲಸ. ಹನ್ನೊಂದು ವರ್ಷ ಮಿತವ್ಯಯದ ವ್ರತವನ್ನು ನಿಷ್ಠೆಯಿಂದ ಪಾಲಿಸಿದೆ. 1999ರ ಒಂದು ದಿನ ಬುದ್ಧಿಗೆ ಮಂಕು ಕವಿದು, 1990ರಲ್ಲಿ ತಯಾರಾದ ಕೆಂಪು ಮಾಜ್ದಾ ಎಂಎಕ್ಸ್-5 ಒಂದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡು ಮನೆಗೆ ತಂದೆ. ನನ್ನಾಕೆ ಮೆಟ್ಟಿಲ ಮೇಲೆ ನಿಂತು ಅದನ್ನು ಎರಡು ಸುತ್ತು ದೃಷ್ಟಿಸಿ ನೋಡಿ, “ಅಲ್ಲಾ ರೀ, ಇದಕ್ಕೆ ಸೀಟು ಎರಡು, ಮನೆಯಲ್ಲಿ ಜನ ಮೂವರು. ಯಾರನ್ನು ಬಸ್ಸಿಗೆ ಕಳಿಸುತ್ತೀರಿ?” ಎಂದು ಕೇಳಿದಳು. ಆ ಪ್ರಶ್ನೆಗೆ ಇಪ್ಪತ್ತೈದು ವರ್ಷವಾದರೂ ನನ್ನಲ್ಲಿ ಉತ್ತರವಿರಲಿಲ್ಲ.

ಬಡವರ ಸ್ಪೋರ್ಟ್ಸ್ ಕಾರು ಎಂದು ಬೇಕಾದರೆ ಕರೆಯಬಹುದಾದ ಈ ಗಾಡಿ 1989ರ ಫೆಬ್ರವರಿಯಲ್ಲಿ ಶಿಕಾಗೋದ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಹಿಂದಿನ ಕಾಲದ ಬ್ರಿಟಿಷ್ ಎರಡು ಸೀಟಿನ ಕಾರುಗಳ ಲಾಲಿತ್ಯವನ್ನು ಜಪಾನಿನ ಅಚ್ಚುಕಟ್ಟಿನೊಡನೆ ಬೆಸೆದು ಹಿರೋಶಿಮಾದಲ್ಲಿ ಕಟ್ಟಿದ ಕಾರು. 2016ರ ಹೊತ್ತಿಗೆ ಹತ್ತು ಲಕ್ಷ ಎಂಎಕ್ಸ್-5 ಕಾರುಗಳು ತಯಾರಾಗಿದ್ದವು. ಆದ್ದರಿಂದ ಅದು ಅಪರೂಪದ ವಸ್ತುವೇನೂ ಅಲ್ಲ. ವಸ್ತುಸಂಗ್ರಹಾಲಯದವರು ಕೇಳಿಕೊಂಡು ಬರುವುದಿಲ್ಲ. ಅದನ್ನು ಕಾಪಾಡುವುದಿದ್ದರೆ ಮನೆಯವರೇ ಕಾಪಾಡಬೇಕು.

2011ರ ಜನವರಿಯ ಮಹಾಪೂರದಲ್ಲಿ ನದಿಯ ನೀರು ನಗರದ ಮಾಪಕದಲ್ಲಿ 4.46 ಮೀಟರಿಗೆ ಏರಿದಾಗ, ಮನೆಯ ಕೆಳಗಿದ್ದ ಈ ಕಾರನ್ನು ಮೌಂಟ್ ಕೂಟ್-ಥಾ ಬೆಟ್ಟದ ಕಡೆಯ ಎತ್ತರದ ರಸ್ತೆಗೆ ಸಾಗಿಸಿ ಉಳಿಸಿಕೊಂಡೆ. ನೀರಿನಿಂದ ಉಳಿಸಿಕೊಂಡೆನಾದರೂ ಬಿಸಿಲಿನಿಂದ ಉಳಿಸಿಕೊಳ್ಳಲಾಗಲಿಲ್ಲ. ಕ್ವೀನ್ಸ್‌ಲ್ಯಾಂಡಿನ ಸೂರ್ಯ ಮಹಾ ನಿರ್ದಾಕ್ಷಿಣ್ಯ. 2023ರ ಹೊತ್ತಿಗೆ ಬಾನೆಟ್ಟಿನ ಕೆಂಪು, ತೊಳೆದ ಕುಂಕುಮದಂತೆ ಗುಲಾಬಿಗೆ ತಿರುಗಿತ್ತು. ಹಿಂದಿನ ಚಕ್ರಗಳ ಮುಂಭಾಗದಲ್ಲಿ, ಬಾಗಿಲಿನ ಕೆಳಗೆ, ಬಣ್ಣ ಗುಳ್ಳೆಯೆದ್ದಿತ್ತು. ಡಿಕ್ಕಿಯ ಮುಚ್ಚಳದ ಮೇಲೊಂದು ಹಳೆಯ ಗೀರು ಇತ್ತು. ಆ ಗೀರಿನ ವಿಷಯವನ್ನು ಮುಂದೆ ಹೇಳುತ್ತೇನೆ.

ಬಣ್ಣ ಬಳಿಸಲು ಅವಸರವಾದದ್ದಕ್ಕೆ ಕಾರಣವಿತ್ತು. ಈ ರಾಜ್ಯದಲ್ಲಿ 75 ತುಂಬಿದವರು ಕಾರು ಓಡಿಸಬೇಕಾದರೆ ವೈದ್ಯರ ಪ್ರಮಾಣಪತ್ರವನ್ನು ಇಟ್ಟುಕೊಂಡಿರಬೇಕು. ನನಗೆ ಆ ವಯಸ್ಸು ಹತ್ತಿರವಾಗುತ್ತಿತ್ತು, ಕಣ್ಣೂ ಮೊದಲಿನಂತಿರಲಿಲ್ಲ. ಅಡಿಲೇಡಿನಲ್ಲಿ ಸಂಸಾರ ಹೂಡಿರುವ ಮಗಳು ಒಂದು ದಿನ ಫೋನಿನಲ್ಲಿ, “ಅಪ್ಪ, ಆ ಕಾರನ್ನು ಮಾರಬೇಡ, ನನಗೆ ಕೊಡು” ಎಂದಳು. ನಾನು ಚಕಿತನಾದೆ. ಆ ಕಾರನ್ನು ಕಂಡರೆ ಅವಳಿಗೆ ಆಗುವುದಿಲ್ಲವೆಂದೇ ಇಷ್ಟು ವರ್ಷ ತಿಳಿದಿದ್ದೆ. ಉತ್ಸಾಹದಲ್ಲಿ, “ಹೊಸ ಬಣ್ಣ ಬಳಿಸಿಯೇ ಕೊಡುತ್ತೇನೆ” ಎಂದು ಮಾತು ಕೊಟ್ಟುಬಿಟ್ಟೆ. ಅದಕ್ಕೆ ಎಷ್ಟು ಹಣ ಬೇಕೆಂದು ನನಗೆ ಗೊತ್ತಿರಲಿಲ್ಲ. ನಿವೃತ್ತನ ಬೊಕ್ಕಸದಿಂದ 5000 ಡಾಲರಿಗಿಂತ ಹೆಚ್ಚು ತೆಗೆಯಲಾಗದೆಂಬುದು ಮಾತ್ರ ಗೊತ್ತಿತ್ತು.

ನಮ್ಮೂರುಗಳಲ್ಲಿ ‘ಟಿಂಕರಿಂಗ್ ಮತ್ತು ಪೇಂಟಿಂಗ್’ ಎಂದು ಬೋರ್ಡು ಹಾಕಿಕೊಂಡ ಗ್ಯಾರೇಜುಗಳು ಬೀದಿಗೊಂದಿರುತ್ತವೆ. ಇಲ್ಲಿ ಆ ಕೆಲಸ ಮಾಡುವವರನ್ನು ಪ್ಯಾನೆಲ್ ಬೀಟರ್ ಎಂದೂ, ಅವರ ಅಂಗಡಿಯನ್ನು ಸ್ಮ್ಯಾಶ್ ರಿಪೇರಿ ಎಂದೂ ಕರೆಯುತ್ತಾರೆ. ಮೊದಲು ಹೋದದ್ದು ಅಂತಹ ಒಂದು ದೊಡ್ಡ ಅಂಗಡಿಗೆ. ಅಲ್ಲಿಯ ಯುವಕ ಮರ್ಯಾದೆಯಿಂದಲೇ, “ಇದು ಅಪಘಾತವಲ್ಲವಲ್ಲ” ಎಂದ. ಅವರದು ವಿಮಾ ಕಂಪನಿಗಳು ಕಳಿಸುವ ಕೆಲಸ. ಒಂದು ಬಾಗಿಲು, ಒಂದು ಮಡ್‌ಗಾರ್ಡು, ಮೂರು ದಿನ, ಮುಂದಿನ ಗಾಡಿ. ವಾರಗಟ್ಟಲೆ ಜಾಗ ಹಿಡಿದು ಕೂರುವ ಹಳೆಯ ಕಾರು ಅವರಿಗೆ ನಷ್ಟ. ಯಾರೂ ಗುದ್ದದೆ, ಬರೀ ವಯಸ್ಸಿನಿಂದ ಕೆಟ್ಟದ್ದಕ್ಕೆ ವಿಮೆಯಿಲ್ಲವೆಂಬ ಸತ್ಯ ಅಂದು ಹೊಳೆಯಿತು.

ಎರಡನೆಯದು ಹಳೆಯ ಕಾರುಗಳ ಜೀರ್ಣೋದ್ಧಾರವನ್ನೇ ವೃತ್ತಿಯಾಗಿಸಿಕೊಂಡ ಅಂಗಡಿ. ನೆಲ ಎಷ್ಟು ಶುಭ್ರವಾಗಿತ್ತೆಂದರೆ ಎಲೆ ಹಾಕಿ ಊಟ ಬಡಿಸಬಹುದಿತ್ತು. ಅವರು ಕೇಳಿದ್ದು 18,000 ಡಾಲರ್, ಜೊತೆಗೆ ಎಂಟು ತಿಂಗಳು ಕಾಯಬೇಕು. ಕಾರನ್ನು ಮಾರಿದರೆ ಬರುವುದು 12,000. ಮೂಗಿಗಿಂತ ಮೂಗುತಿ ಭಾರ.

ಮೂರನೆಯವರು 2500 ಡಾಲರಿಗೆ ಒಪ್ಪಿದರು! ಸಂತೋಷದಿಂದ ಕೈ ಕುಲುಕುವುದರಲ್ಲಿದ್ದೆ. ಅಷ್ಟರಲ್ಲಿ ಅವರು ಬಣ್ಣ ಬಳಿದಿದ್ದ ಒಂದು ಕಾರಿನ ಕಿಟಕಿಯ ರಬ್ಬರಿನ ಅಂಚನ್ನು ಬೆರಳಿನಿಂದ ಸರಿಸಿ ನೋಡಿದೆ. ರಬ್ಬರು, ದೀಪ, ಹಿಡಿ ಯಾವುದನ್ನೂ ಬಿಚ್ಚದೆ, ಎಲ್ಲಕ್ಕೂ ಅಂಟುಪಟ್ಟಿ ಸುತ್ತಿ ಮೇಲಿಂದ ಮೇಲೆ ಸ್ಪ್ರೇ ಹೊಡೆದಿದ್ದರು. ರಬ್ಬರಿನ ಕೆಳಗೆ ಹಳೆಯ ಬಣ್ಣ ಹಾಗೆಯೇ ಇತ್ತು. ಹೊಸ ಬಣ್ಣ ಅಂಚಿನಲ್ಲಿ ಉಗುರಿಗೆ ಸಿಕ್ಕುವಂತೆ ಮೆಟ್ಟಿಲು ಕಟ್ಟಿತ್ತು. ಅಲ್ಲಿಂದಲೇ ನೀರು ನುಗ್ಗುತ್ತದೆ, ಅಲ್ಲಿಂದಲೇ ಸುಲಿಯುತ್ತದೆ. ಮಗಳಿಗೆ ಕೊಡುವ ವಸ್ತು ಎರಡು ವರ್ಷದಲ್ಲಿ ಸಿಪ್ಪೆ ಬಿಡಬಾರದಲ್ಲ.

ಕಾರು ಕ್ಲಬ್ಬಿನ ಹಿರಿಯರೊಬ್ಬರು ಆಗ ಒಂದು ಉಪಾಯ ಹೇಳಿದರು: “ಪೇಂಟರುಗಳನ್ನು ಹುಡುಕಬೇಡಿ. ಪೇಂಟರುಗಳಿಗೆ ಬಣ್ಣ ಮಾರುವವರನ್ನು ಹುಡುಕಿ. ಯಾರು ಒಳ್ಳೆಯ ಪ್ರೈಮರ್ ಒಯ್ಯುತ್ತಾರೆ, ಯಾರು ಒಯ್ಯುವುದಿಲ್ಲ ಎಂಬುದು ಅವರಿಗೆ ಗೊತ್ತು.” ಇದು ಲಕ್ಷ ರೂಪಾಯಿಯ ಮಾತು. ಹಾಗೆ ಬಣ್ಣ ಮಾರುವ ಕೌಂಟರಿನಲ್ಲಿ ಕೇಳಿದಾಗ, ನದಿಯಾಚೆಯ ರಾಕ್ಲಿಯಲ್ಲಿ ಒಬ್ಬಂಟಿಯಾಗಿ ಶೆಡ್ಡು ನಡೆಸುವ ಒಬ್ಬ ಹಿರಿಯ ಪೇಂಟರಿನ ವಿಳಾಸ ದೊರೆಯಿತು.

ರಾಕ್ಲಿ ತಗ್ಗಿನ ಪ್ರದೇಶ. 2011ರಲ್ಲಿಯೂ 2022ರಲ್ಲಿಯೂ ಮುಳುಗಿದ ಊರು. ಆತನ ಶೆಡ್ಡಿನ ಗೋಡೆಯ ಮೇಲೆ ಎರಡು ಪೂರಗಳ ಗುರುತನ್ನು ಬಣ್ಣದ ಗೆರೆಗಳಲ್ಲಿ ಎಳೆದಿಟ್ಟಿದ್ದ. ವಿಯೆಟ್ನಾಮಿನಿಂದ ಹುಡುಗನಾಗಿದ್ದಾಗ ಬಂದವನಂತೆ. ನನ್ನ ಕಾರಿಗೆ ಸುತ್ತು ಬಂದು, ಬಿಳಿಯ ಬಟ್ಟೆಗೆ ಒಂದಿಷ್ಟು ಪಾಲಿಶ್ ಹಚ್ಚಿ, ಬಾಗಿಲಿನ ಮೇಲೆ ಹತ್ತು ಸಲ ಉಜ್ಜಿ ನನಗೆ ತೋರಿಸಿದ. ಬಟ್ಟೆ ಕೆಂಪಾಗಿತ್ತು, ಉಜ್ಜಿದ ಜಾಗ ಹೊಳೆಯುತ್ತಿತ್ತು. “ಮೇಲೆ ವಾರ್ನಿಷಿನ ಪದರವಿಲ್ಲ, ಒಂದೇ ಬಣ್ಣ. ಬಾಗಿಲುಗಳನ್ನು ಪಾಲಿಶಿನಲ್ಲಿಯೇ ಉಳಿಸಬಹುದಿತ್ತು” ಎಂದ. ಆ ಕಾಲದ ಎಂಎಕ್ಸ್-5ರ ಕೆಂಪು ಅಂಥದೇ. ಪಾರದರ್ಶಕ ಮೇಲ್ಪದರವಿಲ್ಲದ ಏಕಪದರದ ಬಣ್ಣ ಬಿಸಿಲಿಗೆ ಮಂಕಾಗಿ ಪುಡಿಯಾಗುತ್ತದೆ, ಆದರೆ ಆ ಪುಡಿಯನ್ನು ಉಜ್ಜಿ ತೆಗೆದರೆ ಕೆಳಗೆ ಜೀವ ಉಳಿದಿರುವುದುಂಟು. ಮೇಲ್ಪದರವಿದ್ದು ಅದು ಸುಲಿದರೆ ಮಾತ್ರ ಪಾಲಿಶಿನಿಂದ ಏನೂ ಆಗದು. ಓದುಗರು ದಯವಿಟ್ಟು ಗಮನಿಸಬೇಕು: ಪೇಂಟ್ ಅಂಗಡಿಗೆ ಹೋಗುವ ಮೊದಲು ಕಾಣದ ಮೂಲೆಯೊಂದರಲ್ಲಿ ಈ ಬಿಳಿಬಟ್ಟೆಯ ಪರೀಕ್ಷೆ ಮಾಡಿಕೊಂಡರೆ ಸಾವಿರಾರು ಡಾಲರ್ ಉಳಿದರೂ ಉಳಿದೀತು.

ಬಟ್ಟೆಯ ಮೇಲಿನ ಆ ಕೆಂಪನ್ನು ಕಂಡಾಗ ನನಗೆ ನೆನಪಾದದ್ದು ಚನ್ನಪಟ್ಟಣ. ನಾನು ಹುಟ್ಟಿ ಬೆಳೆದ ಊರು. ನಮ್ಮ ಬೀದಿಯ ಕೊನೆಯಲ್ಲಿ ಗೊಂಬೆ ಮಾಡುವವರ ಮನೆ. ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತಿತ್ತು. ಆಮೇಲೆ ತಾಳೆಗರಿಯಿಂದ ತೀಡಿದರೆ ಹೊಳಪು. ಆದರೆ ಅದಕ್ಕೂ ಮೊದಲು ಮರವನ್ನು ಒಣಗಿಸಿ, ಕಡೆದು, ನುಣುಪಾಗಿಸುವ ಕೆಲಸವೇ ಬಹಳ. ಅರಗಿಗೆ ಸಂಸ್ಕೃತದಲ್ಲಿ ಲಾಕ್ಷಾ. ಆ ಮಾತೇ ಊರೂರು ಸುತ್ತಿ ಇಂಗ್ಲಿಷಿನಲ್ಲಿ ಲ್ಯಾಕರ್ ಆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಸ್ಥಾಪನೆಯಾದ ಬಣ್ಣದ ಕಾರ್ಖಾನೆಯ ಹೆಸರಿನಲ್ಲಿಯೂ ಈ ಅರಗೇ ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. 1962ರಿಂದ ಭಾರತದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತ ಬಂದಿರುವುದೂ ಅದೇ ಕಾರ್ಖಾನೆ. ಇನ್ನು ಆಸ್ಟ್ರೇಲಿಯಾದ ಜನ ಕಾರಿನ ಬಣ್ಣವನ್ನು ಡ್ಯೂಕೋ ಎನ್ನುತ್ತಾರೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಬಂದ, ವಾರಗಟ್ಟಲೆಯ ಬದಲು ಗಂಟೆಗಳಲ್ಲಿ ಒಣಗುವ ಒಂದು ಲ್ಯಾಕರಿನ ಹೆಸರು ಅದು. ಬಣ್ಣ ಬೇಗ ಒಣಗುವಂತಾಯಿತು, ನಿಜ. ಕೆಳಗಿನ ಮೈಯನ್ನು ಸಿದ್ಧಗೊಳಿಸುವ ಶ್ರಮ ಮಾತ್ರ ಚನ್ನಪಟ್ಟಣದಲ್ಲಿದ್ದಷ್ಟೇ ಉಳಿಯಿತು.

ಪೇಂಟರು ಬಾಗಿಲ ಕೆಳಗಿನ ಗುಳ್ಳೆಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿದ. ಅದು ಹಪ್ಪಳದಂತೆ ಮುರಿಯಿತು. “ಇದು ಬಣ್ಣದ ರೋಗವಲ್ಲ, ನೀರಿನ ರೋಗ” ಎಂದ. ಈ ಕಾರಿನ ಬಟ್ಟೆಯ ಛಾವಣಿಯ ಮೇಲೆ ಬಿದ್ದ ನೀರು ಹಿಂಬದಿಯ ಎರಡು ಕೊಳವೆಗಳಿಂದ ಕೆಳಗಿಳಿಯಬೇಕು. ಕಸ ಕಟ್ಟಿದರೆ ನೀರು ಒಳಗೇ ನಿಂತು ಬಾಗಿಲ ಕೆಳಗಿನ ಪೆಟ್ಟಿಗೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ನಮ್ಮ ಮನೆಯ ಮುಂದಿನ ಜಕರಾಂಡ ಮರದ ಸಣ್ಣ ಎಲೆಗಳು ಆ ಕೊಳವೆಗಳನ್ನು ಭದ್ರವಾಗಿ ಮುಚ್ಚಿದ್ದವು. ಅದರ ನೀಲಿ ಹೂವಿನ ಕೆಳಗೆ ಕಾರು ನಿಲ್ಲಿಸಿ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದವನು ನಾನೇ!

ಆತ ರಟ್ಟಿನ ತುಂಡೊಂದರ ಮೇಲೆ ಲೆಕ್ಕ ಬರೆದ. ಬಣ್ಣ, ಪ್ರೈಮರ್, ಪುಟ್ಟಿ ಮುಂತಾದ ಸಾಮಾನಿಗೆ 1600. ತುಕ್ಕು ಕತ್ತರಿಸಿ ಹೊಸ ತಗಡು ಬೆಸೆಯಲು 1200. ಸ್ಪ್ರೇ ಹೊಡೆಯುವ ಕೆಲಸಕ್ಕೆ 1800. ಒಟ್ಟು 4600. ನನಗೆ ನಂಬಿಕೆಯಾಗಲಿಲ್ಲ. ಆಗ ಕೆಳಗೆ ಇನ್ನೊಂದು ಸಾಲು ಬರೆದ: ಬಿಚ್ಚುವುದು, ಉಜ್ಜುವುದು, ಜೋಡಿಸುವುದು, 7000. “ಈ ಸಾಲಿನ ಕೆಲಸವನ್ನು ನೀವೇ ಮಾಡಿದರೆ ಇದಕ್ಕೆ ಸೊನ್ನೆ” ಎಂದ. ಸಾಮಾನ್ಯವಾಗಿ ಯಾವ ಪೇಂಟರೂ ಗಿರಾಕಿ ಉಜ್ಜಿದ ಮೈಯ ಮೇಲೆ ಬಣ್ಣ ಹೊಡೆಯಲು ಒಪ್ಪುವುದಿಲ್ಲ. ನಾಳೆ ಬಣ್ಣ ಎದ್ದರೆ ಹೆಸರು ಕೆಡುವುದು ಪೇಂಟರಿನದು. ಈತನೂ ನಿಬಂಧನೆಗಳನ್ನು ಹಾಕಿಯೇ ಒಪ್ಪಿದ. ಅವನ ಶೆಡ್ಡಿನ ಮೂಲೆಯಲ್ಲಿ, ಅವನ ಕಣ್ಣೆದುರಿನಲ್ಲಿಯೇ ಉಜ್ಜಬೇಕು. ಅವನಿಗೆ ಬಿಡುವಾದಾಗ ಸ್ಪ್ರೇ, ಗಡುವು ಕೇಳಕೂಡದು. ಬಣ್ಣ ಅದೇ ಕೆಂಪಾಗಿರಬೇಕು, ಏಕೆಂದರೆ ಬೇರೆ ಬಣ್ಣವಾದರೆ ಎಂಜಿನ್ನಿನ ಸುತ್ತ, ಬಾಗಿಲ ಒಳಗೆ, ಡಿಕ್ಕಿಯೊಳಗೆ ಎಲ್ಲ ಕಡೆ ಹೊಡೆಯಬೇಕಾಗುತ್ತದೆ. ಸ್ಪ್ರೇ ಗನ್ನನ್ನು ನಾನು ಮುಟ್ಟಕೂಡದು. ಈ ಕೊನೆಯದು ಬರಿಯ ಬಿಗುಮಾನವಲ್ಲ. ಇಂದಿನ ಎರಡು ಭಾಗ ಬೆರೆಸುವ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದ್ದು, ಅದರ ತುಂತುರು ಉಸಿರಿಗೆ ಸೇರಿದರೆ ಬಿಡದ ಆಸ್ತಮಾ ಹಿಡಿಯಬಹುದು. ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡ, ಗಾಳಿ ಹೀರುವ ಕೋಣೆ ಎರಡೂ ಬೇಕು. ಮನೆಯ ಅಂಗಳದಲ್ಲಿ ಮಾಡುವ ಕೆಲಸ ಅದಲ್ಲ.

ಕೊನೆಗೆ ಆತನ ಬೆರಳು ಡಿಕ್ಕಿಯ ಮುಚ್ಚಳದ ಮೇಲೆ ನಿಂತಿತು. “ಯಾರೋ ಪೋಕರಿಗಳು ಕೀಲಿಯಿಂದ ಗೀಚಿದ್ದೇ?” ಎಂದು ಕೇಳಿದ.

ಅದು ಕೀಲಿಯಲ್ಲ, ಅಂಗಳದ ಕಲ್ಲು. ಪೋಕರಿಗಳಲ್ಲ, ನನ್ನ ಮಗಳು. 1999ರಲ್ಲಿ ಅವಳಿಗೆ ಆರು ವರ್ಷ. ನನ್ನಾಕೆ ಶನಿವಾರಗಳಂದು ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಕಲಿಸುತ್ತಿದ್ದಳು. ಆ ದಿನ ಕಲಿತ ‘ಅ’ವನ್ನು ಅಪ್ಪನಿಗೆ ತೋರಿಸಬೇಕೆಂದು ಮಗು ಹೊಸದಾಗಿ ಬಂದ ಕಾರಿನ ಮೇಲೆ, ಅಂಗೈಯಷ್ಟು ದೊಡ್ಡದಾಗಿ, ಒತ್ತಿ ಬರೆದಿತ್ತು. ನಾನು ಕೂಗಾಡಿದೆ. ಎಷ್ಟು ಕೂಗಾಡಿದೆನೆಂದರೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು. ಮುಂದಿನ ಶನಿವಾರ ಮಗಳು ತರಗತಿಗೆ ಕೂರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಮಾತನಾಡುವ ಕನ್ನಡ ಅವಳಿಗೆ ಚೆನ್ನಾಗಿಯೇ ಬಂತು. ಬರೆಯುವ ಕನ್ನಡ ಆ ಒಂದು ಅಕ್ಷರಕ್ಕೇ ನಿಂತಿತು. ಇಂತಹ ಎಷ್ಟೋ ಸಮ್ಮೇಳನಗಳಲ್ಲಿ ಮುಂದಿನ ಪೀಳಿಗೆಗೆ ಕನ್ನಡ ಕಲಿಸುವ ಕುರಿತು ಭಾಷಣ ಕೇಳಿ ಚಪ್ಪಾಳೆ ತಟ್ಟಿದವನು, ಈ ವಿಷಯವನ್ನು ಯಾರಿಗೂ ಹೇಳಿರಲಿಲ್ಲ.

“ಗೀರು ತಗಡಿನವರೆಗೂ ಹೋಗಿದೆ, ಸುತ್ತಲೂ ತುಕ್ಕು. ಉಳಿಸಿ ಮೇಲೆ ಬಣ್ಣ ಹೊಡೆದರೆ ಮತ್ತೆ ಎದ್ದು ಬರುತ್ತದೆ” ಎಂದು ಪೇಂಟರು ಹೇಳಿದ. ಅಂದು ರಾತ್ರಿ ಮಗಳಿಗೆ ಫೋನು ಮಾಡಿ, “ಅದನ್ನು ಉಜ್ಜಿ ತೆಗೆಯಬೇಕಂತಮ್ಮ” ಎಂದೆ. ಬಹಳ ಹೊತ್ತು ಸುಮ್ಮನಿದ್ದು, “ನಾನು ಬರುವವರೆಗೂ ಮುಟ್ಟಬೇಡ” ಎಂದಳು.

2024ರ ಜುಲೈ ತಿಂಗಳ ಶಾಲಾ ರಜೆಯಲ್ಲಿ ಐದು ವರ್ಷದ ಮಗನನ್ನು ಕರೆದುಕೊಂಡು ಬಂದಳು. ಅವನನ್ನು ಅಜ್ಜಿಯ ಬಳಿ ಬಿಟ್ಟು, ಎರಡು ವಾರ ತಂದೆ ಮಗಳು ರಾಕ್ಲಿಯಲ್ಲಿ ಕೂಲಿ ಮಾಡಿದೆವು. ದೀಪ, ಬಂಪರು, ಬಾಗಿಲ ಹಿಡಿ, ರಬ್ಬರು ಎಲ್ಲವನ್ನೂ ಬಿಚ್ಚಿ, ಸ್ಕ್ರೂಗಳನ್ನು ಬೇರೆ ಬೇರೆ ಚೀಲಗಳಲ್ಲಿ ಹಾಕಿ ಹೆಸರು ಬರೆಯಬೇಕಿತ್ತು. ಮೊದಲ ಚೀಲ ಹಿಡಿದು ಮಗಳು, “ಅಪ್ಪ, ‘ಎಡ ದೀಪ’ ಅಂತ ಕನ್ನಡದಲ್ಲಿ ಹೇಗೆ ಬರೆಯುವುದು?” ಎಂದು ಕೇಳಿದಳು. ನಾನು ರಟ್ಟಿನ ಮೇಲೆ ಬರೆದು ತೋರಿಸಿದೆ. ಅವಳು ನೋಡಿ ಬರೆದಳು. ‘ಬಲ ಬಾಗಿಲು’, ‘ಹಿಂದಿನ ರಬ್ಬರು’, ‘ಡಿಕ್ಕಿ’. ಒತ್ತಕ್ಷರ ಬಂದಾಗ ಹಣೆ ಗಂಟಿಕ್ಕಿಕೊಂಡಳು. ಸಂಜೆ ಚೀಲಗಳನ್ನು ಮನೆಗೆ ತಂದಾಗ ನನ್ನಾಕೆ ಕನ್ನಡಕ ಏರಿಸಿ ಒಂದೊಂದನ್ನೂ ಓದಿ ತಿದ್ದುವಳು. ಅರವತ್ತಕ್ಕೂ ಹೆಚ್ಚು ಚೀಲಗಳಾದವು. ಪೇಂಟರಿಗೆ ಒಂದನ್ನೂ ಓದಲಾಗದೆ, “ಇನ್ನು ಇದನ್ನು ಜೋಡಿಸುವವರು ನೀವೇ, ನನ್ನಿಂದಾಗದು” ಎಂದು ನಕ್ಕ.

ಉಜ್ಜುವುದು ಸುಲಭವೆಂದು ತಿಳಿದವರು ಒಂದು ದಿನ ಉಜ್ಜಿ ನೋಡಬೇಕು. 80ನೇ ನಂಬರಿನ ಒರಟು ಉಪ್ಪುಕಾಗದದಿಂದ ಆರಂಭಿಸಿ, 180, 320 ಎಂದು ನುಣುಪಿನ ಕಡೆ ಸಾಗಬೇಕು. ಬೆರಳಿನಿಂದ ಒತ್ತಿದರೆ ಹಳ್ಳ ಬೀಳುತ್ತದೆ, ಆದ್ದರಿಂದ ಕಾಗದವನ್ನು ಚಪ್ಪಟೆ ತುಂಡಿಗೆ ಸುತ್ತಿ ಉಜ್ಜಬೇಕು. ಪ್ರೈಮರ್ ಹೊಡೆದ ಮೇಲೆ ಕಪ್ಪು ಪುಡಿಯನ್ನು ತೆಳುವಾಗಿ ಸವರಿ ಮತ್ತೆ ಉಜ್ಜಿದರೆ, ಉಬ್ಬಿನ ಮೇಲಿನ ಕಪ್ಪು ಹೋಗಿ ತಗ್ಗಿನಲ್ಲಿರುವುದು ಮಾತ್ರ ಉಳಿಯುತ್ತದೆ. ಕಣ್ಣಿಗೆ ಕಾಣದ ದೋಷವನ್ನು ಆ ಕಪ್ಪು ತೋರಿಸಿಕೊಡುತ್ತದೆ. ಬಣ್ಣ ಯಾವ ದೋಷವನ್ನೂ ಮುಚ್ಚುವುದಿಲ್ಲ, ಹೊಳಪು ಹೆಚ್ಚಿದಷ್ಟೂ ಎತ್ತಿ ತೋರಿಸುತ್ತದೆ ಎಂಬುದನ್ನು ಅಲ್ಲಿ ಕಲಿತೆ.

ಮೂರನೆಯ ದಿನ ಡಿಕ್ಕಿಯ ಸರದಿ. ಮಗಳೇ ಉಜ್ಜಲು ಕುಳಿತಳು. ಇಪ್ಪತ್ತೈದು ವರ್ಷ ಗಂಟಲಿನಲ್ಲಿದ್ದ ಮಾತನ್ನು ಆಗ ಹೇಳಿದೆ: “ಆವತ್ತು ನಾನು ಹಾಗೆ ಕೂಗಾಡಬಾರದಿತ್ತು.” ಅವಳು ಕೈ ನಿಲ್ಲಿಸದೆ, “ನನಗೆ ಕೋಪ ಬಂದದ್ದು ಕಾರಿನ ಮೇಲೆ ಅಪ್ಪ, ಅಕ್ಷರದ ಮೇಲಲ್ಲ. ಆಗ ಹಾಗಂತ ಹೇಳುವುದಕ್ಕೆ ಗೊತ್ತಾಗಲಿಲ್ಲ” ಎಂದಳು. ಸ್ವಲ್ಪ ಹೊತ್ತಿನ ನಂತರ, “ನೀನು ಅದನ್ನು ಅಳಿಸದೆ ಇಟ್ಟುಕೊಂಡೇ ಓಡಾಡಿದೆಯಲ್ಲ” ಎಂದು ಸೇರಿಸಿದಳು. ನಿಜ ಹೇಳಬೇಕೆಂದರೆ ಅದು ಪ್ರೀತಿಯಿಂದಲ್ಲ, ಖರ್ಚಿಗೆ ಹೆದರಿ. ಅದನ್ನೂ ಹೇಳಿಬಿಟ್ಟೆ. ಇಬ್ಬರೂ ನಕ್ಕೆವು. ಊಟದ ಹೊತ್ತಿಗೆ ಅಲ್ಲಿ ಬರಿಯ ತಗಡು ಹೊಳೆಯುತ್ತಿತ್ತು.

ಡಿಕ್ಕಿಯೊಳಗಿನ ಹೊದಿಕೆಯನ್ನು ಎತ್ತಿ, ಬಿಸಿಲು ಕಾಣದ ಮೂಲ ಕೆಂಪಿಗೆ ಪೇಂಟರು ಬಣ್ಣವನ್ನು ಹೊಂದಿಸಿದ. ಆಗಸ್ಟಿನ ಒಣಹವೆಯಲ್ಲಿ ಸ್ಪ್ರೇ ಆಯಿತು. ಮಗಳು ಒಂದು ವಾರಾಂತ್ಯಕ್ಕೆ ಮತ್ತೆ ಬಂದು ಚೀಲಗಳನ್ನು ಓದಿ ಓದಿ ಜೋಡಿಸಿಕೊಟ್ಟಳು. ಒಟ್ಟು ಖರ್ಚು 4850 ಡಾಲರ್. ಲೆಕ್ಕಕ್ಕಿಂತ ಹೆಚ್ಚಾದ 250, ಜೋಡಿಸುವಾಗ ನಾನು ಮುರಿದ ದೀಪದ್ದು.

ಅಗ್ಗದ ಪೇಂಟ್ ಅಂಗಡಿ ಎಲ್ಲಿದೆಯೆಂದು ಈಗ ಸ್ನೇಹಿತರು ಕೇಳುತ್ತಾರೆ. ಬಣ್ಣ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಬೆಲೆ, ದುಬಾರಿಯಾದದ್ದು ಅದರ ಕೆಳಗಿನ ಕೈಕೆಲಸ ಎನ್ನುತ್ತೇನೆ. ಕೈಕೆಲಸವನ್ನು ಬಿಟ್ಟುಬಿಟ್ಟವರು ಅಗ್ಗಕ್ಕೆ ಕೊಡುತ್ತಾರೆ, ಅದು ಬಾಳುವುದಿಲ್ಲ. ನಿಮ್ಮ ಕೈಗೆ ಅದನ್ನು ಒಪ್ಪಿಸುವವರು ಸಿಕ್ಕರೆ ಬಿಡಬೇಡಿ. ಆರಿಸುವಾಗ ನಿನ್ನೆ ಬಳಿದ ಕಾರನ್ನು ನೋಡಬೇಡಿ, ಮೂರು ವರ್ಷದ ಹಿಂದೆ ಬಳಿದದ್ದನ್ನು ತೋರಿಸೆನ್ನಿ. ರಬ್ಬರಿನ ಅಂಚನ್ನು ಬೆರಳಿನಿಂದ ಸರಿಸಿ ನೋಡಿ. ನೀರು ಎಲ್ಲಿಂದ ಇಳಿಯುತ್ತದೆಂದು ಮೊದಲು ವಿಚಾರಿಸಿ.

ಸೆಪ್ಟೆಂಬರಿನ ಒಂದು ಬೆಳಗ್ಗೆ, ಕೋಗಿಲೆ ಕೂಗುತ್ತಿದ್ದ ಹೊತ್ತಿನಲ್ಲಿ, ಅಡಿಲೇಡಿನವರೆಗಿನ ಸುಮಾರು 2000 ಕಿಲೋಮೀಟರ್ ದಾರಿಗೆ ಕಾರು ಲಾರಿಯ ಮೇಲೇರಿತು. ನನ್ನಾಕೆ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಲಾರಿ ತಿರುವು ದಾಟಿದ ಮೇಲೆ, “ಅಲ್ಲಾ ರೀ, ಅಲ್ಲಿಯೂ ಮನೆಯಲ್ಲಿ ಮೂವರೇ. ಬಸ್ಸಿಗೆ ಯಾರು ಹೋಗುತ್ತಾರಂತೆ?” ಎಂದು ಕೇಳಿದಳು.